ಕಿಟಕಿಯಲ್ಲಿ ನಡೆದ ತರಬೇತಿ

ನಮ್ಮ ಮನೆಗೆ ರೇಷ್ಮೆ ತಂದವನು ದೊಡ್ಡಪ್ಪ ಎಂದು ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಂಜೇಗೌಡ ಹದಿನೈದು ದಿನ ತರಬೇತಿಗೆ ಹೋದ, ಹುಳು ಸಾಕುವುದನ್ನು ಕಲಿತು ಬಂದ, ಹೆಂಡತಿಗೆ ಕಲಿಸಿದ, ಆಮೇಲೆ ಊರಿಗೇ ಕಲಿಸಿದ. ಕಥೆ ಅಚ್ಚುಕಟ್ಟಾಗಿದೆ. ಸಾಕ್ಷಿಗೆ ನಡುಮನೆಯ ಗೋಡೆಯ ಮೇಲೆ, ದೇವರ ಪಟಗಳ ಸಾಲಿನಲ್ಲೇ, ಕಟ್ಟು ಹಾಕಿಸಿದ ಪ್ರಮಾಣಪತ್ರವೊಂದು ತೂಗುತ್ತಿದೆ. ಹಬ್ಬದ ದಿನ ಅಜ್ಜಿ ಅದಕ್ಕೂ ಒಂದು ಹೂವು ಸಿಕ್ಕಿಸುತ್ತಾಳೆ.

ನನಗೆ ಈ ಕಥೆಯಲ್ಲಿ ನಂಬಿಕೆ ಇಲ್ಲ. ಏನನ್ನೂ ನಂಬದಿರುವುದು ನನಗೊಂದು ಚಟ ಎಂದು ಮನೆಯವರು ದೂರುತ್ತಾರೆ. ಕೆ.ಆರ್. ಪೇಟೆ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಗುಂಪಿಗೆ ಸೇರಿದ ಮೇಲಂತೂ ಉಪ್ಪಿಟ್ಟಿಗೆ ಉಪ್ಪು ಕಡಿಮೆ ಎನ್ನುವುದನ್ನೂ ‘ಮೊದಲನೆಯದಾಗಿ, ಎರಡನೆಯದಾಗಿ’ ಎಂದು ಹೇಳುತ್ತೇನಂತೆ. ಇರಲಿ. ನನ್ನ ತಕರಾರು ಸಣ್ಣದು: ದೊಡ್ಡಪ್ಪ ತರಬೇತಿಗೆ ಹೋಗುವುದಕ್ಕೆ ಎರಡು ವರ್ಷ ಮೊದಲೇ ನಮ್ಮ ಮನೆಯಲ್ಲಿ ಹುಳುಗಳಿದ್ದವು. ಹೇಗೆ ಗೊತ್ತು ಅಂದರೆ, ನಾನು ಮಲಗುತ್ತಿದ್ದ ಕೋಣೆಯನ್ನು ಅವಕ್ಕೇ ಬಿಟ್ಟುಕೊಟ್ಟಿದ್ದರು. ಜಾಗ ಕಳೆದುಕೊಂಡವರು ಇಂಥದ್ದನ್ನು ಮರೆಯುವುದಿಲ್ಲ. ಮನೆಯಲ್ಲಿ ಮೊದಲೇ ಇದ್ದದ್ದನ್ನು ಅವನು ಎಲ್ಲಿಂದ ತಂದ, ನೀವೇ ಹೇಳಿ.

ಇದೆಲ್ಲ ನೆನಪಾಗಲು ಕಾರಣ ಒಂದು ಕೋಳಿಗರಿ. ನಾನೀಗ ಮೈಸೂರಿನ ಹಾಸ್ಟೆಲಿನಲ್ಲಿದ್ದು ಕಾನೂನು ಓದುತ್ತಿದ್ದೇನೆ. ಮೊನ್ನೆ ಊರಿಗೆ ಬಂದವಳು ಹಳೆಯ ಟ್ರಂಕು ಕೆದಕುವಾಗ ಚರ್ಚೆಯ ನೋಟುಪುಸ್ತಕದಿಂದ ಜಾರಿಬಿತ್ತು. ಪುಟದ ಗುರುತಿಗೆಂದು ನಾನೇ ಇಟ್ಟುಕೊಂಡದ್ದಿರಬೇಕು. ಗರಿ ಮಾತ್ರ ದೊಡ್ಡವ್ವನದು.

ಮೊಟ್ಟೆಯಿಂದ ಆಗತಾನೆ ಹೊರಬಂದ ರೇಷ್ಮೆಹುಳುವನ್ನು ನೀವು ನೋಡಿಲ್ಲವಾದರೆ, ಹರಿದ ಕಪ್ಪು ದಾರದ ಚೂರನ್ನು ನೆನೆಸಿಕೊಳ್ಳಿ. ಬೆರಳಿನಿಂದ ಮುಟ್ಟಿದರೆ ಸತ್ತಿತು. ಗರಿಯಿಂದ ಗುಡಿಸಿ, ಸಣ್ಣಗೆ ಹೆಚ್ಚಿದ ಎಳೆಯ ಹಿಪ್ಪುನೇರಳೆ ಸೊಪ್ಪಿನ ಮೇಲೆ ಇಳಿಸಬೇಕು. ದೊಡ್ಡವ್ವ ಅದಕ್ಕೆ ಹೇಂಟೆಯ ರೆಕ್ಕೆಯ ಗರಿಯನ್ನೇ ಆರಿಸುತ್ತಿದ್ದಳು.

“ಹುಂಜದ್ದು ಯಾಕಾಗಲ್ಲ?” ಎಂದು ಕೇಳಿದ್ದೆ. ಆಗ ನನಗೆ ಹತ್ತೋ ಹನ್ನೊಂದೋ ವರ್ಷ.

“ನೋಡಾಕ್ ಚೆಂದ ಕಣೆ ಅದು. ಕೆಲ್ಸಕ್ಕೆ ಬರಾಕಿಲ್ಲ.”

ಜಗುಲಿಯಲ್ಲಿ ಕೂತಿದ್ದ ದೊಡ್ಡಪ್ಪ ಒಳಕ್ಕೆ ತಿರುಗಿ, “ಯಾರ್ನ ಅಂತಾವ್ಳವ್ವ ಇವ್ಳು?” ಅಂದ.

“ಹುಂಜನ್ನ” ಎಂದಳು ದೊಡ್ಡವ್ವ, ತಲೆ ಎತ್ತದೆ.

ದೊಡ್ಡವ್ವನ ಹೆಸರು ಜಯಮ್ಮ. ನಮ್ಮೂರು ಕಿಕ್ಕೇರಿಗೆ ಮೂರು ಮೈಲಿ. ಅವಳ ತವರು ಬಿಂಡಿಗನವಿಲೆಯ ಕಡೆ. ಅಲ್ಲಿಯ ಒಣಭೂಮಿಯಲ್ಲಿ ಕುರಿಯ ಜೊತೆಗೆ ರೇಷ್ಮೆಯೂ ಇತ್ತು, ಮಳೆಯನ್ನೇ ನಂಬಿ ನೆಟ್ಟ ಹಿಪ್ಪುನೇರಳೆ. ಏಳನೆಯ ವಯಸ್ಸಿಗೆ ಅವಳ ಅಜ್ಜಿ ಅವಳನ್ನು ಹುಳುವಿನ ತಟ್ಟೆಯ ಮುಂದೆ ಕೂರಿಸಿದಳಂತೆ. ರೋಗದ ಹುಳುವನ್ನು ಗುರುತಿಸದೆ ಬಿಟ್ಟರೆ ತೊಡೆಗೆ ಒಂದು ಚಿವುಟು. ಪಾಠ, ಪರೀಕ್ಷೆ, ಅಂಕಪಟ್ಟಿ ಎಲ್ಲ ಆ ಚಿವುಟೇ. ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಅಕ್ಷರವನ್ನು ಒಂದೊಂದಾಗಿ ಕೂಡಿಸಿಕೊಂಡು ಓದುತ್ತಾಳೆ. ಕಿಕ್ಕೇರಿಯಲ್ಲಿ ಬಸ್ಸಿನ ಬೋರ್ಡು ಓದಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟುಬಿಡುವುದುಂಟು.

ಹಿಂದಿನ ಕಾಲದಲ್ಲಿ ಹೆಣ್ಣಿಗೆ ಕೆಲಸದ ತರಬೇತಿ ಇರಲಿಲ್ಲ ಎಂದು ವೇದಿಕೆಯ ಮೇಲೆ ನಾನೇ ಎಷ್ಟೋ ಸಲ ಗುಡುಗಿದ್ದೇನೆ. ಅದು ಶುದ್ಧ ಸುಳ್ಳು. ತರಬೇತಿ ಇತ್ತು, ಅದನ್ನು ಹಾಗೆಂದು ಯಾರೂ ಕರೆಯುತ್ತಿರಲಿಲ್ಲ, ಅಷ್ಟೆ. ಒಮ್ಮೆ ಅಜ್ಜಿಯನ್ನು ಸಂದರ್ಶನ ಮಾಡಲು ಹೊರಟೆ. ಗಂಡುಹುಡುಗ ಮೊದಲ ಸಲ ನೇಗಿಲ ಮೇಣಿ ಹಿಡಿದ ದಿನ ನಮ್ಮ ಮನೆಯಲ್ಲಿ ಎತ್ತಿಗೆ ಪೂಜೆ ಮಾಡಿ, ಹುಡುಗನ ಬಾಯಿಗೆ ಬೆಲ್ಲ ಹಾಕುತ್ತಿದ್ದರು ಎಂದು ಅವಳು ಹೇಳಿದಳು. ನಾನು ಪೆನ್ನು ತೆಗೆದು, “ಹೆಣ್ಣುಹುಡುಗಿ ಮೊದಲ ಸಲ ರಾಗಿ ಬೀಸಿದ ದಿನ ಏನಿರ್ತಿತ್ತಜ್ಜಿ?” ಎಂದು ಕೇಳಿದೆ.

ಅಜ್ಜಿ ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದಳು. “ಏನಿರ್ತಿತ್ತು ಅಂದ್ರೆ? ಎರಡ್ನೇ ದಿನ ಇರ್ತಿತ್ತು.”

ನನಗೆ ಎರಡೂ ತಪ್ಪಿದವು, ಬೆಲ್ಲವೂ ಬೀಸುಕಲ್ಲೂ. ನಾನು ಓದುವ ಹುಡುಗಿ. ಸೊಪ್ಪು ಕೊಯ್ಯಲು ಕರೆದರೆ ಪುಸ್ತಕ ತೆರೆಯುತ್ತಿದ್ದೆ. ಸೊಪ್ಪು ಮನೆಗೆ ಬಂದ ಮೇಲೆ ಮುಚ್ಚುತ್ತಿದ್ದೆ. “ಓದ್ಕಳ್ಳಿ ಬುಡಿ, ಅವ್ಳ್ ಕೈಗ್ಯಾಕೆ ಕರೆ” ಎಂದು ದೊಡ್ಡವ್ವನೇ ನನ್ನ ಪರ ವಾದಿಸುತ್ತಿದ್ದಳು. ಹೆಣ್ಣಿನ ದುಡಿಮೆಯ ಬಗ್ಗೆ ಮಾತನಾಡಿ ಬಹುಮಾನ ಗೆಲ್ಲುವ ಯೋಗ್ಯತೆ ನನಗೆ ಬಂದದ್ದು ಆ ದುಡಿಮೆಯಿಂದ ಪಾರಾದದ್ದರಿಂದ.

ಈಗ ಕಿಟಕಿಯ ವಿಷಯಕ್ಕೆ ಬರುತ್ತೇನೆ.

ತಿಂಗಳಿಗೆ ಮೂರು ದಿನ ದೊಡ್ಡವ್ವ ಹುಳುವಿನ ಕೋಣೆಗೆ ಕಾಲಿಡುವಂತಿರಲಿಲ್ಲ. ಮುಟ್ಟಾದವಳ ಗಾಳಿ ಬಡಿದರೆ ಹುಳು ಹಾಳಾಗುತ್ತದೆಂಬುದು ನಮ್ಮ ಕಡೆಯ ನಂಬಿಕೆ. “ಹುಳುವಿಗೆ ಹೇಗೆ ಗೊತ್ತಾಗುತ್ತೆ ದೊಡ್ಡವ್ವ? ಕ್ಯಾಲೆಂಡರ್ ನೋಡ್ತವಾ?” ಎಂದು ನಾನು ಕೆಣಕಿದರೆ, “ಸುಮ್ಕಿರು, ನಿನ್ ವಾದ ಕೇಳ್ಕಂಡ್ ಹುಳ ಸಾಯ್ತವೆ” ಎನ್ನುತ್ತಿದ್ದಳು. ಆ ಮೂರು ದಿನ ತಟ್ಟೆಗಳನ್ನು ನೋಡಿಕೊಳ್ಳಬೇಕಾದವನು ದೊಡ್ಡಪ್ಪ. ದೊಡ್ಡವ್ವ ಹಿತ್ತಲ ಕಡೆಯ ಕಿಟಕಿಯ ಹೊರಗೆ ಒರಳುಕಲ್ಲಿನ ಮೇಲೆ ಕೂತು, ಸರಳುಗಳ ಸಂದಿಯಿಂದ ಒಳಗೆ ನೋಡುತ್ತಿದ್ದಳು.

“ಗುಡ್ಡೆ ಹಾಕ್ಬ್ಯಾಡ, ಹರಡು.”

“ಹರಡ್ತಾವ್ನಿ ಕಣೆ.”

“ಅದು ಹರಡೋದಾ? ಎಮ್ಮೆಗ್ ಹುಲ್ಲಾಕ್ದಂಗ್ ಹಾಕ್ತಾವ್ನೆ. ಆ ಮೂಲೇಲ್ ಒಂದು ಹಾಲುರೋಗದ್ ಹುಳ ಅದೆ, ತಗ್ದು ಸುಣ್ಣದ್ ಕುಡ್ಕೆಗಾಕು.”

“ಎಲ್ಲದೆ?”

“ಎಡಗಡೆ.”

“ಇಲ್ವಲ್ಲ.”

“ನನ್ ಎಡಗಡೆ ಅಲ್ಲ, ನಿನ್ ಎಡಗಡೆ. ಕಣ್ಣಾ ಗೋಲಿನಾ ಅವು?”

ಬೇರೆ ದಿನಗಳಲ್ಲಿ ದೊಡ್ಡವ್ವ ಗಂಡನನ್ನು ಬಹುವಚನದಲ್ಲೇ ಮಾತನಾಡಿಸುತ್ತಿದ್ದಳು. ಕಿಟಕಿಯ ಹೊರಗೆ ಕೂತಾಗ ಮಾತ್ರ ಏಕವಚನ. ನಾಲ್ಕನೆಯ ದಿನ ಮಿಂದು ಒಳಗೆ ಬಂದಳೋ, ಮತ್ತೆ ‘ಊಟಕ್ಕೆ ಏಳಿ.’ ದೊಡ್ಡಪ್ಪ ಇದನ್ನು ಗಮನಿಸಿದ್ದನೋ ಇಲ್ಲವೋ, ತಕರಾರು ಮಾಡಿದ್ದನ್ನು ನಾನು ಕಂಡಿಲ್ಲ. ಅವನು ಹುಳು ಸಾಕುವುದನ್ನು ಕಲಿತದ್ದು ಆ ಕಿಟಕಿಯಲ್ಲಿ. ಅವಳನ್ನು ಕೋಣೆಯಿಂದ ಹೊರಗಿಟ್ಟ ಕಟ್ಟಳೆಯೇ ಅವಳನ್ನು ಬೋಧಕಿಯನ್ನಾಗಿ ಮಾಡಿತ್ತು. ಆ ಕಟ್ಟಳೆ ಸರಿ ಎನ್ನುತ್ತಿಲ್ಲ. ನಡೆದದ್ದು ಹಾಗೆ ಎನ್ನುತ್ತಿದ್ದೇನೆ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ತರಬೇತಿಯ ಪತ್ರ ಬಂತು. ನಾಗಮಂಗಲದ ಹತ್ತಿರ ಒಂದು ಕಡೆ ಹದಿನೈದು ದಿನ ಇದ್ದು ಕಲಿಯುವುದು, ಊಟ ವಸತಿ ಅವರದೇ. ಪತ್ರ ಬಂದದ್ದು ದೊಡ್ಡಪ್ಪನ ಹೆಸರಿಗೆ. ಯಾಕೆ ಅವನ ಹೆಸರಿಗೆ ಎಂದು ನಾನು ಬಹಳ ವರ್ಷ ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳುವ ವಯಸ್ಸು ಬಂದಾಗ ಉತ್ತರ ಸಿದ್ಧವಾಗಿಯೇ ಇತ್ತು: ಗಂಡಸರು, ಇನ್ನೇನು ಮಾಡುತ್ತಾರೆ, ಕಸಿದುಕೊಂಡಿರುತ್ತಾರೆ.

ದೊಡ್ಡಪ್ಪ ಹಿಂದಿರುಗಿದ್ದು ಹೊಸ ಮನುಷ್ಯನಾಗಿ. ಕೈಯಲ್ಲೊಂದು ಉಷ್ಣಮಾಪಕ, ಜೇಬಿನಲ್ಲೊಂದು ನೋಟುಪುಸ್ತಕ, ಬಾಯಲ್ಲಿ ‘ವೈಜ್ಞಾನಿಕ’ ಎಂಬ ಮಾತು. ಅಲ್ಲಿ ಕಲಿಸಿದ್ದೆಲ್ಲ ದಂಡವಾಗಿರಲಿಲ್ಲ. ತಟ್ಟೆಗಳನ್ನು ಔಷಧಿಯ ನೀರಿನಲ್ಲಿ ತೊಳೆಯುವುದು, ಕೋಣೆಗೆ ಗಾಳಿ ಆಡುವಂತೆ ಮಾಡುವುದು, ಇವನ್ನು ದೊಡ್ಡವ್ವ ಒಂದೇ ಸಲಕ್ಕೆ ಒಪ್ಪಿಕೊಂಡಳು. ಜಗಳ ಬಂದದ್ದು ಗಡಿಯಾರದ ವಿಷಯಕ್ಕೆ.

ರೇಷ್ಮೆಹುಳು ದೊಡ್ಡದಾಗುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮಲ್ಲಿ ಅದಕ್ಕೆ ಜ್ವರ ಎನ್ನುತ್ತಾರೆ: ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟುವುದಿಲ್ಲ. ತಲೆ ಎತ್ತಿಕೊಂಡು, ಇನ್ನೇನು ಭಾಷಣ ಶುರುಮಾಡುವವರ ಹಾಗೆ, ಒಂದು ದಿನ ಅಲ್ಲಾಡದೆ ನಿಲ್ಲುತ್ತದೆ. ನೋಟುಪುಸ್ತಕದಲ್ಲಿ ‘ಇಪ್ಪತ್ತನಾಲ್ಕು ಗಂಟೆ’ ಎಂದು ಬರೆದಿತ್ತು. ದೊಡ್ಡಪ್ಪ ಕೈಗಡಿಯಾರ ನೋಡಿಕೊಂಡು, ಇಪ್ಪತ್ತನಾಲ್ಕು ಗಂಟೆ ತುಂಬಿದ ನಿಮಿಷಕ್ಕೆ ಸರಿಯಾಗಿ ಸೊಪ್ಪು ಹಾಕಿದ. ಆಗಿನ್ನೂ ಅರ್ಧ ಹುಳುಗಳು ಎದ್ದೇ ಇರಲಿಲ್ಲ.

“ಇನ್ನೂ ಎದ್ದಿಲ್ಲ ಕಣ್ರೀ ಅವು” ಎಂದಳು ದೊಡ್ಡವ್ವ. ಅವಳು ಕೋಣೆಯ ಒಳಗೇ ಇದ್ದ ದಿನ, ಆದ್ದರಿಂದ ಬಹುವಚನ.

“ಟೈಮಾಯ್ತು. ಏಳ್ತವೆ.”

“ಟೈಮು ನಿಮ್ಗಾಗದೆ, ಅವಕ್ಕಾಗಿಲ್ಲ.”

“ನೀನ್ ಓಗಿದ್ದೇನೆ ಟ್ರೈನಿಂಗ್‌ಗೆ?”

ಮೊದಲು ಎದ್ದ ಹುಳುಗಳು ತಿಂದು ಮುಂದೆ ಹೋದವು, ತಡವಾಗಿ ಎದ್ದವು ಹಿಂದೆ ಉಳಿದವು. ಕೊನೆಗೆ ಒಂದೇ ತಟ್ಟೆಯಲ್ಲಿ ಅರ್ಧ ಹುಳು ಹಣ್ಣಾಗಿ ಗೂಡು ಕಟ್ಟಲು ಜಾಗ ಹುಡುಕುತ್ತಿವೆ, ಇನ್ನರ್ಧ ಸೊಪ್ಪು ಸೊಪ್ಪು ಎನ್ನುತ್ತಿವೆ. ದೊಡ್ಡವ್ವ ಎರಡು ದಿನ ಕೂತು ಹಣ್ಣಾದ ಹುಳುಗಳನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಿಸುವ ಬಿದಿರಿನ ಚಂದ್ರಂಕಿಗೆ ಬಿಟ್ಟಳು. ದೊಡ್ಡಪ್ಪ ಪಕ್ಕದಲ್ಲಿ ತಪ್ಪು ಮಾಡಿದ ಹುಡುಗನ ಹಾಗೆ ಕುಕ್ಕುರುಗಾಲಿನಲ್ಲಿ ಕೂತಿದ್ದ.

“ಎಲ್ಲಾ ಏಳೋಗಂಟ ಸೊಪ್ಪು ಮುಟ್ಟುಸ್ಬಾರ್ದು” ಎಂದಳು ಅವಳು, ಆರಿಸುತ್ತಲೇ. “ಮೊದ್ಲು ಎದ್ದವು ಒಸಿ ಕಾಯ್ಲಿ. ಹಸ್ಕಂಡಿದ್ರೆ ಸಾಯಾಕಿಲ್ಲ.”

ದೊಡ್ಡಪ್ಪ ಆಮೇಲೆ ಗಡಿಯಾರದ ಸುದ್ದಿಗೆ ಹೋಗಲಿಲ್ಲ. ಉಷ್ಣಮಾಪಕ ಮೊಳೆಯ ಮೇಲೆ ಅಲಂಕಾರಕ್ಕೆ ಉಳಿಯಿತು. ಪ್ರಮಾಣಪತ್ರಕ್ಕೆ ಮಾತ್ರ ಕೆ.ಆರ್. ಪೇಟೆಯಲ್ಲಿ ಕಟ್ಟು ಹಾಕಿಸಿಕೊಂಡು ಬಂದ. ಊರಿನವರು ಬಂದು ಹುಳು ತೋರಿಸಿ ಎಂದರೆ ಅವನು ಜಗುಲಿಯಲ್ಲಿ ಪ್ರಮಾಣಪತ್ರ ತೋರಿಸುತ್ತಿದ್ದ, ಅವಳು ಒಳಗೆ ಹುಳು ತೋರಿಸುತ್ತಿದ್ದಳು. ಗಂಡಸರು ಜಗುಲಿಯಿಂದಲೇ ಹಿಂದಿರುಗುತ್ತಿದ್ದರು. ಊರಿನ ಕಥೆ ಹುಟ್ಟಿದ್ದು ಹೀಗೆ ಎಂದು ನನ್ನ ಅನುಮಾನ.

ಕಾಲ ಬದಲಾಗಿಲ್ಲ ಎಂದು ನಾನು ಹೇಳಲಾರೆ. ನಾನು ಪಿಯುಸಿಗೆ ಬರುವ ಹೊತ್ತಿಗೆ ಕೆ.ಆರ್. ಪೇಟೆಯ ಟೈಪಿಂಗ್ ಶಾಲೆಯಲ್ಲಿ ಹುಡುಗರೂ ಹುಡುಗಿಯರೂ ಅಕ್ಕಪಕ್ಕ ಕೂತು ಟಕಟಕ ಕುಟ್ಟುತ್ತಿದ್ದರು. ನನ್ನ ಜೊತೆಯವಳೊಬ್ಬಳು ನರ್ಸಿಂಗಿಗೆ ಹೋದಳು, ಇನ್ನೊಬ್ಬಳು ಪಾಂಡವಪುರದಲ್ಲಿ ಹೊಸದಾಗಿ ತೆರೆದ ಕಂಪ್ಯೂಟರ್ ಕ್ಲಾಸಿಗೆ ಸೇರಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕೆಂದು ಭಯಭಕ್ತಿಯಿಂದ ಹೇಳುತ್ತಿದ್ದಳು. ಟೈಪಿಂಗ್ ಮಿಷನ್ನಿಗೆ ಕೈ ಗಂಡಿನದೋ ಹೆಣ್ಣಿನದೋ ಗೊತ್ತಾಗುವುದಿಲ್ಲ. ಇದು ನಮ್ಮ ಕಾಲದ ದೊಡ್ಡತನ, ಒಪ್ಪಿದೆ. ಆದರೆ ಕೈಯನ್ನು ಕೇಳದ ಕಾಲ ಕಾಗದವನ್ನು ಕೇಳುತ್ತದೆ. ಕಾಗದವೋ, ಕೈಯನ್ನು ನೋಡಿ ಹಂಚಿದ ಕಾಲದಲ್ಲೇ ಹಂಚಿಹೋಗಿದೆ. ಈ ವಾಕ್ಯಕ್ಕೆ ನನಗೆ ಒಮ್ಮೆ ಭಾರಿ ಚಪ್ಪಾಳೆ ಬಿದ್ದಿದೆ. ಅದರ ಕಥೆ ಮುಂದಿದೆ.

ನಾನು ಬಿ.ಎ. ಮೊದಲ ವರ್ಷದಲ್ಲಿದ್ದಾಗ ಕೆ.ಆರ್. ಪೇಟೆಯಲ್ಲಿ ಒಂದು ಸಂಸ್ಥೆಯವರು ಹಳ್ಳಿಯ ಹೆಣ್ಣುಮಕ್ಕಳಿಗೆ ಹುಳು ಸಾಕಣೆ ಕಲಿಸಲು ಒಬ್ಬರು ಬೋಧಕರು ಬೇಕೆಂದು ಚೀಟಿ ಅಂಟಿಸಿದರು. ತರಬೇತಿ ಪಡೆದಿರಬೇಕು, ಅನುಭವ ಇರಬೇಕು. ನಾನು ಬಸ್ ನಿಲ್ದಾಣದಲ್ಲಿ ಅದನ್ನು ಓದಿ ಬಂದು ಹೇಳಿದೆ. ಸುಮ್ಮನೆ, ಸುದ್ದಿಯ ಹಾಗೆ. ದೊಡ್ಡವ್ವ ಕೈಯಲ್ಲಿದ್ದ ಸೊಪ್ಪಿನ ಕಟ್ಟನ್ನು ಕೆಳಗಿಟ್ಟಳು.

“ಆ ಕೆಲ್ಸಕ್ಕೆ ನಾನ್ ಓಗ್ಬೋದಾ?”

ಅವಳು ತನಗಾಗಿ ಏನನ್ನಾದರೂ ಕೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಮುಂದಿನ ಒಂದು ವಾರ ಮನೆಯೊಳಗೆ ಬೇರೆಯೇ ದೊಡ್ಡವ್ವ ಓಡಾಡಿದಳು. ಖಾಲಿ ತಟ್ಟೆಗಳ ಮುಂದೆ ನಿಂತು ತುಟಿ ಅಲ್ಲಾಡಿಸುತ್ತಿದ್ದಳು. ಕಿಕ್ಕೇರಿಗೆ ಹೋಗಿ ಹೊಸ ಚಪ್ಪಲಿ ತಂದಳು. ನನ್ನನ್ನು ಮೂಲೆಗೆ ಕರೆದು, “ಪಾಠ ನಿಂತ್ಕಂಡ್ ಹೇಳ್ಬೇಕಾ, ಕುಂತ್ಕಂಡ್ ಹೇಳ್ಬೇಕಾ?” ಎಂದು ಕೇಳಿದಳು.

“ನಿಂತ್ಕೊಂಡು.”

“ಕೈ ಎಲ್ಲಿಟ್ಕಳಾದು?”

ಅಜ್ಜಿ ಒಳಗಿನಿಂದ, “ಮೇಷ್ಟ್ರಮ್ಮ ಆಯ್ತಾವ್ಳೆ, ಕೈಯಾಗೊಂದ್ ಕೋಲು ಕೊಡ್ಲಾ ಅವ್ಳ್‌ಗೆ, ನಂಜ” ಎಂದು ಕೂಗಿದಳು. ದೊಡ್ಡವ್ವ ನಕ್ಕಳು. ಅವಳ ಕೊರತೆ ಒಂದೇ, ಕಾಗದ. ದೊಡ್ಡಪ್ಪ ಅದಕ್ಕೂ ದಾರಿ ಹುಡುಕಿದ. “ಗಂಡ ಹೆಂಡ್ತಿಗೆ ಒಂದೇ ರೇಸನ್ ಕಾರ್ಡು ಇಲ್ವಾ? ಇದೂ ಅಂಗೆಯ” ಎಂದು, ಗೋಡೆಯ ಮೇಲಿನ ಪ್ರಮಾಣಪತ್ರವನ್ನು ಕಟ್ಟುಸಮೇತ ಇಳಿಸಿ, ಗೊಬ್ಬರದ ಚೀಲವೊಂದನ್ನು ತೊಳೆದು ಅದರಲ್ಲಿ ಇಟ್ಟುಕೊಂಡ. ಮೂವರೂ ಹೊರಟೆವು.

ಅಲ್ಲಿ ಜವಾನ ಚೀಲದಿಂದ ತೆಗೆದ ಕಟ್ಟನ್ನು ನೋಡಿ, “ನಂಜೇಗೌಡ ಯಾರು? ನಡೀರಿ ಒಳಗೆ” ಅಂದ. ದೊಡ್ಡಪ್ಪ, “ನಾನಲ್ಲ ಕಣಣ್ಣ, ಇವ್ಳು...” ಎನ್ನುವಷ್ಟರಲ್ಲಿ ಅವನನ್ನು ಒಳಕ್ಕೆ ತಳ್ಳಿ ಬಾಗಿಲು ಹಾಕಿಕೊಂಡ. ನಾನೂ ದೊಡ್ಡವ್ವನೂ ವರಾಂಡದಲ್ಲಿ ಉಳಿದೆವು. ವರಾಂಡಕ್ಕೊಂದು ಕಿಟಕಿ ಇತ್ತು. ದೊಡ್ಡವ್ವ ಯಾರೂ ಹೇಳಿಕೊಡದೆ ಅದರ ಹತ್ತಿರ ಹೋಗಿ ನಿಂತಳು.

ಒಳಗೆ ಮೇಜಿನ ಹಿಂದೆ ಮೂವರಿದ್ದರು. ನಡುವಿನ ಕನ್ನಡಕದವರು ಕೇಳಿದರು: “ಹುಳ ಜ್ವರದಿಂದ ಎದ್ದಿದೆ ಅಂತ ಹೇಗೆ ಗೊತ್ತುಮಾಡ್ತೀರಿ?”

ದೊಡ್ಡಪ್ಪ ಅವರನ್ನು ನೋಡಲಿಲ್ಲ. ಇಡೀ ಮೈಯನ್ನು ತಿರುಗಿಸಿ ಕಿಟಕಿಯನ್ನು ನೋಡಿದ.

“ತಲೆ ನೋಡ್ಬೇಕು ಅನ್ನು” ಎಂದಳು ದೊಡ್ಡವ್ವ ಸರಳುಗಳ ಆಚೆಯಿಂದ. “ಹಳೇ ತಲೆಗಿಂತ ದೊಡ್ಡದಾಗಿರ್ತದೆ. ಮೈ ಸಡ್ಲ ಆಗಿರ್ತದೆ, ಬಾಯ್ ಆಡುಸ್ತಿರ್ತದೆ. ಒಂದೆರಡು ಎದ್ದವೆ ಅಂತ ಸೊಪ್ಪಾಕ್ಬಾರ್ದು. ಹೇಳು, ಸುಮ್ಕೆ ನಿಂತವ್ನೆ ನೋಡು!”

ಮೂವರೂ ನಕ್ಕರು. ಒಳ್ಳೆಯ ಜನ, ಅವರ ಬಗ್ಗೆ ನನ್ನ ದೂರಿಲ್ಲ. ಕನ್ನಡಕದವರು ದೊಡ್ಡವ್ವನನ್ನೇ ಒಳಗೆ ಕರೆಸಿ, ಕುರ್ಚಿ ಹಾಕಿಸಿದರು. ಅವಳು ಕೂರಲಿಲ್ಲ, ಪಾಠ ನಿಂತುಕೊಂಡು ಹೇಳಬೇಕೆಂದು ನಾನೇ ಹೇಳಿದ್ದೆನಲ್ಲ. ಅರ್ಧ ಗಂಟೆ ನಡೆಯಿತು. ಇರುವೆ ಬಾರದ ಹಾಗೆ ತಟ್ಟೆಯ ಗೂಟಗಳಿಗೆ ನೀರಿನ ಬಟ್ಟಲಿಡುವುದರಿಂದ ಹಿಡಿದು ಸುಣ್ಣಕಟ್ಟು ರೋಗದವರೆಗೆ ಎಲ್ಲವನ್ನೂ ಹೇಳಿದಳು. ಅವರಲ್ಲಿ ಒಬ್ಬರು ಬರೆದುಕೊಳ್ಳುತ್ತಿದ್ದರು. ಟೀ ತರಿಸಿದರು. ಎಲ್ಲ ಮುಗಿದ ಮೇಲೆ ಕನ್ನಡಕದವರು ಕಟ್ಟನ್ನು ಕೈಗೆತ್ತಿಕೊಂಡು, ಗಾಜಿನ ಮೇಲಿನ ಧೂಳನ್ನು ತಾವೇ ಒರೆಸಿ, ಮೆಲ್ಲಗೆ ಹೇಳಿದರು: “ಅಮ್ಮಾ, ನೀವು ಹೇಳಿದ್ದರಲ್ಲಿ ಒಂದೂ ತಪ್ಪಿಲ್ಲ. ಆದರೆ ಇದರಲ್ಲಿ ನಿಮ್ಮ ಹೆಸರಿಲ್ಲ.”

ಬಸ್ಸಿನಲ್ಲಿ ದೊಡ್ಡವ್ವ ಹೊಸ ಚಪ್ಪಲಿಯನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು, ಕಚ್ಚುತ್ತವೆ ಎಂದು. ಕಿಕ್ಕೇರಿಯಲ್ಲಿ ಇಳಿಯುವಾಗ ಮತ್ತೆ ಮೆಟ್ಟಿಕೊಂಡಳು. ಆಮೇಲೆ, “ಟೀ ಚೆನ್ನಾಗಿತ್ತು” ಎಂದಳು.

ಕೆಲಸ ಸಿಕ್ಕಿದ್ದು ಪಾಂಡವಪುರದ ಶೈಲಜಾ ಎಂಬ ಹುಡುಗಿಗೆ. ಡಿಪ್ಲೊಮಾ ಇತ್ತು, ಎಲ್ಲೆಲ್ಲೂ ಅವಳದೇ ಹೆಸರಿತ್ತು. ಒಂದು ತಿಂಗಳ ಮೇಲೆ ಒಂದು ಭಾನುವಾರ ಅವಳೇ ವಿಳಾಸ ಕೇಳಿಕೊಂಡು ನಮ್ಮ ಮನೆಗೆ ಬಂದಳು. ಜಗುಲಿಯಲ್ಲಿ ನಿಂತು, ಯಾರಾದರೂ ಬೈದರೆ ಓಡಿಹೋಗುವವಳಂತೆ ಚೀಲ ಅಪ್ಪಿಕೊಂಡು ಹೇಳಿದಳು: “ಲ್ಯಾಬಲ್ಲಿ ನೋಡಿದ್ದೀನಿ ಆಂಟಿ, ಸಾಕಿಲ್ಲ. ಕ್ಲಾಸಿಗೆ ಬರೋರು ಏನೇನೋ ಕೇಳ್ತಾರೆ. ನನಗೆ ಹುಳ ಎತ್ತೋಕೇ ಬರಲ್ಲ.” ನಾನು ಅವಳ ಮೇಲೆ ಹರಿಹಾಯಲು ಮೂರು ಅಂಶಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ದೊಡ್ಡವ್ವ ಅವಳ ಕೈಗೆ ಗರಿ ಕೊಟ್ಟು ಒಳಗೆ ಕರೆದುಕೊಂಡು ಹೋಗಿದ್ದಳು. ಆಮೇಲೆ ಭಾನುವಾರ ಇಲ್ಲಿ ಕಲಿತದ್ದನ್ನು ಶೈಲಜಾ ಸೋಮವಾರ ಅಲ್ಲಿ ಕಲಿಸುತ್ತಿದ್ದಳು.

“ಇದು ಅನ್ಯಾಯ ಅನ್ಸಲ್ವಾ ದೊಡ್ಡವ್ವ ನಿಂಗೆ?” ಎಂದೆ.

“ಬಸ್ ಚಾರ್ಜ್ ಉಳೀತು ಬುಡು” ಎಂದಳು.

ಅವಳು ಸುಮ್ಮನಾದಳೆಂದು ನಾನು ಸುಮ್ಮನಾಗಬೇಕೇ? ಮರುವರ್ಷ ಶ್ರೀರಂಗಪಟ್ಟಣದಲ್ಲಿ ಅಂತರ ಕಾಲೇಜು ಚರ್ಚಾಸ್ಪರ್ಧೆ. ವಿಷಯ: ಇಂದಿನ ಉದ್ಯೋಗಗಳು ಹೆಣ್ಣಿಗೆ ಸಮಾನ ಅವಕಾಶ ನೀಡಿವೆ. ನಾನು ವಿರೋಧ. ನಮ್ಮ ಮನೆಯ ಕಥೆಯನ್ನೇ ಹೇಳಿದೆ. ಹೆಂಡತಿಯ ಕಸುಬನ್ನು ಕಿಟಕಿಯಲ್ಲಿ ಕದ್ದು ಕಲಿತ ಒಬ್ಬ ಗಂಡಸು, ಅವಳ ತರಬೇತಿಯನ್ನೂ ಕಸಿದುಕೊಂಡು ಗೋಡೆಗೆ ನೇತುಹಾಕಿದ ಎಂದೆ. ‘ಅಂಥವರು ದೂರದಲ್ಲಿಲ್ಲ, ಅಧ್ಯಕ್ಷರೇ’ ಎಂದು ತೋರುಬೆರಳನ್ನು ಸಭೆಯ ಕಡೆಗೆ ಚಾಚಿದೆ. ಬೆರಳು ಹೋಗಿ ನಿಂತ ಕಡೆ, ಕೊನೆಯ ಸಾಲಿನಲ್ಲಿ, ದೊಡ್ಡಪ್ಪ ಕೂತಿದ್ದ. ಪಾಂಡವಪುರಕ್ಕೆ ಕೆಲಸಕ್ಕೆಂದು ಬಂದವನು, ಮಗು ಮಾತನಾಡುತ್ತದಲ್ಲ, ಕೇಳೋಣ ಎಂದು ಹೇಳದೆ ಕೇಳದೆ ಬಂದಿದ್ದ. ಮಡಿಲಲ್ಲಿ ಕಡ್ಲೆಪುರಿಯ ಪೊಟ್ಟಣ. ಬೆರಳನ್ನು ಮಡಿಚಿಕೊಂಡೆ. ಆಮೇಲೆ ಎಚ್ಚರಿಕೆಯ ಗಂಟೆ ಬಾರಿಸಿದರು, ನಾನು ಮುಂದುವರಿದೆ. ಕಾಗದದ ವಾಕ್ಯಕ್ಕೆ ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದವನು ಅವನು.

ಬಸ್ಸಿನಲ್ಲಿ ಬಹುಮಾನದ 'ಕಪ್ಪನ್ನು' ಅವನೇ ತೊಡೆಯ ಮೇಲಿಟ್ಟುಕೊಂಡ. ಪಾಂಡವಪುರ ದಾಟುವವರೆಗೂ ಇಬ್ಬರೂ ಕಡ್ಲೆಪುರಿ ತಿಂದೆವು. ಕಬ್ಬಿನ ಗಾಡಿಗಳ ಸಾಲು ಸರಿಯಲೆಂದು ಬಸ್ಸು ನಿಂತಿತು.

“ಚೆನ್ನಾಗ್ ಮಾತಾಡ್ದೆ” ಎಂದ.

“ದೊಡ್ಡಪ್ಪ, ಅದು ಸ್ಪರ್ಧೆಗೆ ಅಂತ...”

“ಇಲ್ಲ ಕಣವ್ವ, ಕಿಟ್ಕೀದು ನಿಜ. ನಾನ್ ಕಲ್ತಿದ್ದೇ ಅಲ್ಲಿ. ಕದ್ದು ಅಂದ್ಯಲ್ಲ, ಅದೊಂದ್ ಜಾಸ್ತಿ ಆಯ್ತು. ಅವ್ಳೇ ಬೈದ್ ಬೈದ್ ಕಲಿಸವ್ಳೆ.” ಕಪ್ಪನ್ನು ಒಮ್ಮೆ ತಿರುಗಿಸಿ ನೋಡಿದ. “ಆದ್ರೆ ಟ್ರೈನಿಂಗು ಕಿತ್ಕಂಡೆ ಅಂದ್ಯಲ್ಲ. ಆ ಫಾರಂ ನಾನ್ ತಂದಿದ್ದಲ್ಲ. ಕಿಕ್ಕೇರಿಯಿಂದ ಸೊಂಟಕ್ ಸಿಕ್ಕುಸ್ಕಂಡ್ ತಂದೋಳು ಅವ್ಳು. ತುಂಬ್ದೋಳು ನೀನು. ನನ್ ಕೈಗ್ ಬಂದಾಗ ನನ್ನೆಸ್ರು ಬರ್ದಿತ್ತು.”

“ನಾನಾ?”

“ಮನೇಲಿ ಇನ್ಯಾರ್ ಬರೀತಿದ್ರು? ಮುತ್ತಿನಂಗೆ ಬರ್ದಿದ್ದೆ. ನಾನೂ ನೋಡ್ದೆ. ಇದೇನು ನನ್ನೆಸ್ರು ಅದಲ್ಲ, ಅವ್ಳು ತಾನೆ ಓಗ್ಬೇಕಾದೋಳು ಅಂತ ಅನ್ನುಸ್ತು. ಕೇಳ್ಬೋದಿತ್ತು. ಹದಿನೈದ್ ದಿವ್ಸ ಹೊಲ ಉಳಾದು ತಪ್ತದಲ್ಲ ಅಂತ ಸುಮ್ನಾದೆ.”

ಗಾಡಿಗಳು ಸರಿದವು, ಬಸ್ಸು ಹೊರಟಿತು. ನನಗೆ ಅದೆಲ್ಲ ನೆನಪೇ ಇಲ್ಲ ಎಂದು ವಾದಿಸಬಹುದಿತ್ತು. ಆದರೆ ನೆನಪಾಗತೊಡಗಿತು. ಸೊಂಟದ ಬೆವರಿಗೆ ಮೆತ್ತಗಾಗಿದ್ದ ಕಾಗದ, ನಾಲ್ಕು ಮಡಿಕೆ. “ಒಸಿ ತುಂಬ್ಕೊಡು ಮಗ, ಹುಳದ್ ಟ್ರೈನಿಂಗಂತೆ” ಎಂದು ದೊಡ್ಡವ್ವ. ಯಾರ ಹೆಸರು ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಹೆಸರಿನ ಕಾಗುಣಿತ ತಪ್ಪಬಾರದೆಂದು ಪೆಟ್ಟಿಗೆಯಿಂದ ರೇಷನ್ ಕಾರ್ಡು ತೆಗೆದು, ಮೇಲಿನ ಹೆಸರನ್ನು ಅಕ್ಷರ ಬಿಡದೆ ನಕಲು ಮಾಡಿದ್ದೆ. ಪಹಣಿಯೂ ಆ ಹೆಸರಿನದೇ, ಕರೆಂಟು ಬಿಲ್ಲೂ ಆ ಹೆಸರಿನದೇ. ಕಾಗದವೆಂದರೆ ಆ ಹೆಸರು. ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ. ಎಲ್ಲವನ್ನೂ ಪ್ರಶ್ನಿಸುವ ನಾನು ಆ ಒಂದು ಗೆರೆಯ ಮುಂದೆ ಏನನ್ನೂ ಪ್ರಶ್ನಿಸಿರಲಿಲ್ಲ. ಅಕ್ಷರ ದುಂಡಗಿದೆ ಎಂದು ಬೀಗಿದ್ದೆ.

ಇನ್ನೂ ಒಂದು ನೆನಪಾಯಿತು. ತುಂಬಿದ ಫಾರಂ ಇಸಿದುಕೊಂಡ ದೊಡ್ಡವ್ವ ಅದನ್ನು ಹುಳುವಿನ ಕೋಣೆಯ ಬಾಗಿಲ ಹತ್ತಿರ ಒಯ್ದು, ಬೆಳಕಿಗೆ ಹಿಡಿದು, ಬಹಳ ಹೊತ್ತು ನಿಂತಿದ್ದಳು. ಆಮೇಲೆ ಮೊದಲಿನ ಮಡಿಕೆಗಳಲ್ಲೇ ಮಡಿಚಿದಳು.

ಇದನ್ನು ಅವಳನ್ನೇ ಕೇಳಲು ನನಗೆ ಎರಡು ವರ್ಷ ಹಿಡಿಯಿತು. ಯಾವ ವಿಷಯವನ್ನಾದರೂ ನಾಲ್ಕು ನಿಮಿಷದಲ್ಲಿ ಮುಗಿಸಬಲ್ಲೆನೆಂದು ಕಪ್ಪು ಗೆದ್ದವಳಿಗೆ. ಆ ಕಪ್ಪಿನಲ್ಲಿ ಅಜ್ಜಿ ಈಗ ಅಡಿಕೆಚೂರು ಇಟ್ಟುಕೊಂಡಿದ್ದಾಳೆ.

ಮೊನ್ನೆ ಗರಿ ಸಿಕ್ಕಿತಲ್ಲ, ಅದನ್ನೇ ನೆಪ ಮಾಡಿಕೊಂಡು ಹುಳುವಿನ ಕೋಣೆಗೆ ಹೋದೆ. ಮಧ್ಯಾಹ್ನ ಇಳಿಯುತ್ತಿತ್ತು. ಹುಳುಗಳು ಹಣ್ಣಾಗುವ ದಿನ. ಸೊಪ್ಪು ತಿನ್ನುವ ಮಳೆಯಂಥ ಸದ್ದು ಅರ್ಧಕ್ಕರ್ಧ ನಿಂತಿತ್ತು. ದೊಡ್ಡವ್ವ ಬಾಗಿಲ ಬೆಳಕಿನಲ್ಲಿ ಕೂತು, ಒಂದೊಂದೇ ಹುಳುವನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಹಣ್ಣಾದದ್ದು ಬೆಳಕನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದಂತೆ. ನಾನೂ ಒಂದನ್ನು ಎತ್ತಿ ಹಿಡಿದೆ. ನನಗೇನೂ ಕಾಣಿಸಲಿಲ್ಲ.

“ಅದಿನ್ನೂ ಆಗಿಲ್ಲ, ಮಡುಗು” ಎಂದಳು. ಗರಿ ನೋಡಿ, “ಎಲ್ಲಿತ್ತೆ ಇದು? ಇನ್ನೂ ಮಡಿಕಂಡಿದ್ಯಾ?” ಎಂದು ಇಸಿದುಕೊಂಡು ತಲೆಯ ತುರುಬಿಗೆ ಸಿಕ್ಕಿಸಿಕೊಂಡಳು.

ನಾನು ಅವಳೆದುರಿಗೆ ಕುಕ್ಕುರುಗಾಲಿನಲ್ಲಿ ಕೂತೆ. ಅವಳು ಇನ್ನೊಂದು ಹುಳುವನ್ನು ಎತ್ತಿ ಬೆಳಕಿಗೆ ಹಿಡಿದಳು.

“ದೊಡ್ಡವ್ವ, ನಾನು ಎಂಟನೇ ಕ್ಲಾಸಲ್ಲಿದ್ದಾಗ ಒಂದು ಫಾರಂ ತುಂಬಿಕೊಟ್ಟಿದ್ದೆ. ನೀನು ಇದೇ ಬಾಗಿಲಲ್ಲಿ ಅದನ್ನ ಬೆಳಕಿಗೆ ಹಿಡ್ಕೊಂಡು ನಿಂತಿದ್ದೆಯಲ್ಲ, ಅವತ್ತು ಹೆಸರು ಓದಿದ್ಯಾ?”